ಖಾಸಗಿ ಚಿತ್ರವೂ ಒಂದು ಅಮಾನತ್ತು

ಪ್ರವಾದಿ(ಸ)ರವರ ಮನೆಯ ಬಾಗಿಲಿನಲ್ಲಿ ಒಂದು ರಂಧ್ರವಿತ್ತು. ಒಮ್ಮೆ ಒಬ್ಬ ವ್ಯಕ್ತಿ ಅದರ ಮೂಲಕ ಒಳಗೆ ಇಣುಕಿ ನೋಡಿದನು. ಆಗ ಪ್ರವಾದಿ(ಸ)ರವರ ಕೈಯಲ್ಲಿ ತಲೆಕೂದಲನ್ನು ಬಾಚುವ ಒಂದು ಕಡ್ಡಿಯಿತ್ತು. ನೀನು ಇಣುಕುತ್ತಿರುವುದು ನನಗೆ ತಿಳಿದಿದ್ದರೆ ಇದನ್ನೇ ನಿನ್ನ ಕಣ್ಣಿಗೆ ಚುಚ್ಚುತ್ತಿದ್ದೆ ಎಂದು ಅವರು ಅವನಿಗೆ ಹೇಳಿದರು. ಮನೆಯೊಳಗೆ ಬರಲು ಅನುಮತಿ ಕೇಳಬೇಕೆಂಬ ನಿಯಮವನ್ನು ವಿಧಿಸಿರುವುದೇ ದೃಷ್ಟಿಯ ಕಾರಣಕ್ಕಾಗಿ ಎಂದೂ ತಿಳಿಸಿದರು. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿದೆ.

ಪ್ರವಾದಿ(ಸ)ರವರ ಸೌಮ್ಯ ಸ್ವಭಾವವನ್ನು ಬಲ್ಲವರಿಗೆ ಈ ಮಾತಿನ ಕಠೋರತೆ ಆಶ್ಚರ್ಯ ತರಬಹುದು. ಮಸೀದಿಯೊಳಗೆ ಮೂತ್ರ ಮಾಡಿದ ಗ್ರಾಮೀಣನನ್ನು ಗದರಿಸದೆ ಬಿಟ್ಟವರು ಅವರು. ಆದರೆ ಇಲ್ಲಿ ಅವರು ಕಣ್ಣು ಚುಚ್ಚುವ ಮಾತಾಡಿದರು. ಆ ವ್ಯಕ್ತಿ ಮನೆಯೊಳಗೆ ಕಾಲಿಟ್ಟಿರಲಿಲ್ಲ, ಏನನ್ನೂ ಕದ್ದಿರಲಿಲ್ಲ. ನೋಡಿದ್ದನು, ಅಷ್ಟೆ. ಗೋಡೆ ಬಾಗಿಲುಗಳನ್ನು ದಾಟಲು ಕಾಲೇ ಬೇಕೆಂದಿಲ್ಲ, ಕಣ್ಣು ಸಾಕು. ಒಳಗಿರುವವರಿಗೆ ಆಗುವ ನಷ್ಟವೂ ನಿಜವಾದ ನಷ್ಟವೇ.

ಇಂದು ನಮ್ಮ ಮನೆಗಳ ಬಾಗಿಲಿನ ರಂಧ್ರ ಯಾವುದೆಂದು ವಿವರಿಸಿ ಹೇಳಬೇಕಾಗಿಲ್ಲ. ಅದು ನಿಮ್ಮ ಜೇಬಿನಲ್ಲಿದೆ, ನಿಮ್ಮ ಮಗಳ ದಿಂಬಿನ ಬಳಿಯಿದೆ. ಹಿಂದೆ ಇಣುಕಿದವನು ಒಬ್ಬನೇ ನೋಡುತ್ತಿದ್ದನು, ನೋಡಿದ್ದನ್ನು ಕ್ರಮೇಣ ಮರೆಯುತ್ತಿದ್ದನು. ಈಗ ಒಮ್ಮೆ ನೋಡಿದ ಕಣ್ಣು ಸಾವಿರ ಕಣ್ಣುಗಳಿಗೆ ತೋರಿಸಬಲ್ಲದು. ಒಬ್ಬರ ಖಾಸಗಿ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹರಡುವ ಈ ಕೇಡು ನಮ್ಮ ಕುಟುಂಬಗಳನ್ನೂ ತಟ್ಟಿದೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ. ಆದುದರಿಂದ ಬೆದರಿಸುವವನಿಗೆ ಕೆಲಸ ಸುಲಭವಾಗಿದೆ. ಇದನ್ನು ತಡೆಯಲು ತಂತ್ರಜ್ಞಾನದಲ್ಲೇ ಇರುವ ಕೆಲವು ಉಪಾಯಗಳನ್ನೂ, ನಮ್ಮ ಧರ್ಮ ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನೂ ಜೊತೆಗೂಡಿಸಿ ತಿಳಿಯೋಣ.

ನೋಡಲು ಕೊಟ್ಟದ್ದು ತೋರಿಸಲು ಕೊಟ್ಟದ್ದಲ್ಲ

ಒಬ್ಬನು ಮಾತನಾಡುವಾಗ ಅತ್ತಿತ್ತ ತಿರುಗಿ ನೋಡಿದರೆ ಆ ಮಾತು ಕೇಳಿದವನ ಬಳಿ ಅಮಾನತ್ತು ಆಗಿಬಿಡುತ್ತದೆ ಎಂಬರ್ಥದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಆತ ಇದನ್ನು ಯಾರಿಗೂ ಹೇಳಬೇಡ ಎಂದು ಬಾಯಿಬಿಟ್ಟು ಹೇಳಿರಬೇಕೆಂದೇನೂ ಇಲ್ಲ. ಸುತ್ತಲೂ ನೋಡಿದನಲ್ಲ, ಅದೇ ಸಾಕು. ಪತ್ನಿ ತನ್ನ ಪತಿಗೆ ಕಳುಹಿಸಿದ ಚಿತ್ರ, ಗೆಳತಿ ಗೆಳತಿಗೆ ತೋರಿಸಿದ ಚಿತ್ರ, ರೋಗಿ ವೈದ್ಯರಿಗೆ ಕಳುಹಿಸಿದ ಗಾಯದ ಚಿತ್ರ - ಇವೆಲ್ಲವೂ ಅದೇ ಬಗೆಯವು. ಪತಿ ಪತ್ನಿಯರ ಏಕಾಂತದ ಗುಟ್ಟನ್ನು ಹೊರಗೆ ಹರಡುವವನನ್ನು ಅಂತ್ಯದಿನದಲ್ಲಿ ಅಲ್ಲಾಹನ ಬಳಿ ಅತ್ಯಂತ ಕೆಟ್ಟ ಸ್ಥಾನದಲ್ಲಿರುವವರ ಸಾಲಿಗೆ ಪ್ರವಾದಿ(ಸ)ರವರು ಸೇರಿಸಿದ್ದಾರೆ. ಬರಿಯ ಮಾತಿಗೇ ಈ ಎಚ್ಚರಿಕೆಯಿರುವಾಗ ಚಿತ್ರದ ಬಗ್ಗೆ ಏನು ಹೇಳೋಣ? ತಲಾಕ್ ಆದ ಮಾತ್ರಕ್ಕೆ ಈ ಅಮಾನತ್ತು ಮುಗಿಯುವುದಿಲ್ಲ. ಮಹರ್‌ನ ಲೆಕ್ಕ ಚುಕ್ತಾ ಆಗಬಹುದು, ಮೊಬೈಲಿನಲ್ಲಿ ಉಳಿದ ಚಿತ್ರದ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ದೇಶದ ಕಾನೂನೂ ಈಗ ಇದೇ ಮಾತನ್ನು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ, ಚಿತ್ರ ತೆಗೆಯಲು ಮಹಿಳೆ ಒಪ್ಪಿದ್ದರೂ ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವಾಗುತ್ತದೆ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲೂ 2013ರಿಂದ ಇದೇ ನಿಯಮವಿತ್ತು. ಇದಲ್ಲದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67 ಮತ್ತು 67ಎ ಕಲಮುಗಳಿವೆ. 66ಇ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯವಾಗುತ್ತದೆ. ಪಶ್ಚಿಮ ಬಂಗಾಳದ ನ್ಯಾಯಾಲಯವೊಂದು 2018ರಲ್ಲಿ, ತನ್ನನ್ನು ತೊರೆದ ಯುವತಿಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದ ಯುವಕನಿಗೆ ಐದು ವರ್ಷ ಸೆರೆವಾಸ ವಿಧಿಸಿತು. ಅವಳೇ ಕೊಟ್ಟಿದ್ದಳು ಎಂಬ ವಾದ ಅವನನ್ನು ಕಾಪಾಡಲಿಲ್ಲ.

ಗಲ್ಫ್‌ನಲ್ಲಿ ದುಡಿಯುವ ನಮ್ಮ ಯುವಕರು ಇನ್ನೊಂದು ವಿಷಯ ತಿಳಿದಿರಲಿ. ಸೌದಿ ಅರೇಬಿಯಾದಲ್ಲಿ 2007ರ ಸೈಬರ್ ಅಪರಾಧ ಕಾನೂನಿನಂತೆ ಕ್ಯಾಮರಾ ಫೋನಿನ ದುರ್ಬಳಕೆಯಿಂದ ಪರರ ಖಾಸಗಿ ಬದುಕಿಗೆ ಕೈಹಾಕಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರಿಯಾಲ್‌ವರೆಗೆ ದಂಡವಿದೆ. ಯುಎಇಯಲ್ಲಿ 2021ರ ಕಾನೂನು ಕನಿಷ್ಠ ಆರು ತಿಂಗಳ ಸೆರೆವಾಸ, ಇಲ್ಲವೇ ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ರೂಮಿನಲ್ಲಿ ಕೂತು ತಮಾಷೆಗೆಂದು ಹಾಕಿದ ಒಂದು ಚಿತ್ರ ವರ್ಷಗಳ ದುಡಿಮೆಯನ್ನು ನುಂಗಿಬಿಡಬಹುದು.

ಹೆಬ್ಬೆಟ್ಟಿನ ಗುರುತು

ಇನ್ನು ತಂತ್ರಜ್ಞಾನದ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಇಂಥದೊಂದು ಉಪಾಯವಿದೆ ಎಂದು ತಿಳಿಯದೆಯೇ ಎಷ್ಟೋ ಹೆಣ್ಣುಮಕ್ಕಳು ಬೆದರಿಕೆಗೆ ಮಣಿದಿದ್ದಾರೆ.

ಒಬ್ಬಳ ಚಿತ್ರ ದುಷ್ಟನೊಬ್ಬನ ಕೈಯಲ್ಲಿದೆ, ನಾಳೆ ಫೇಸ್‌ಬುಕ್‌ಗೆ ಹಾಕುತ್ತೇನೆ ಎಂದು ಅವನು ಹೆದರಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಹಾಕುವ ಮೊದಲೇ ತಡೆಯಬೇಕಾದರೆ ಯಾವ ಚಿತ್ರವೆಂದು ಫೇಸ್‌ಬುಕ್‌ನವರಿಗೆ ತಿಳಿದಿರಬೇಕು. ತಿಳಿಸಬೇಕಾದರೆ ಆ ಚಿತ್ರವನ್ನು ಅವರಿಗೆ ತೋರಿಸಬೇಕು. ಯಾರೂ ನೋಡಬಾರದು ಎಂದು ಕಾಪಾಡಿಕೊಳ್ಳಬೇಕಾದುದನ್ನು ಅಪರಿಚಿತರಿಗೆ ತೋರಿಸಿಯೇ ಕಾಪಾಡಿಕೊಳ್ಳುವುದು ಹೇಗೆ? 2017ರಲ್ಲಿ ಫೇಸ್‌ಬುಕ್ ಕಂಪೆನಿ ಆಸ್ಟ್ರೇಲಿಯಾದಲ್ಲಿ ಸರಕಾರದ ಆನ್‌ಲೈನ್ ಸುರಕ್ಷಾ ಅಧಿಕಾರಿಯ ಜೊತೆ ಸೇರಿ ಮಾಡಿದ ಮೊದಲ ಪ್ರಯೋಗ ಹೀಗೆಯೇ ಇತ್ತು. ಸಂತ್ರಸ್ತೆ ಚಿತ್ರವನ್ನು ಮೆಸೆಂಜರ್ ಮೂಲಕ ಕಳುಹಿಸಬೇಕಿತ್ತು, ಕಂಪೆನಿಯ ತರಬೇತಾದ ನೌಕರರು ಅದನ್ನು ನೋಡಿ ದೃಢಪಡಿಸುತ್ತಿದ್ದರು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಲಜ್ಜೆಯುಳ್ಳವರು ಅದರ ಹತ್ತಿರ ಸುಳಿಯುವುದು ಕಷ್ಟವೇ ಆಗಿತ್ತು. ಬಹಳ ಟೀಕೆಯೂ ಬಂತು.

2021ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಒಂದು ಸಹಾಯವಾಣಿ ಸಂಸ್ಥೆ, ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪೆನಿಯ ಸಹಕಾರದೊಂದಿಗೆ 'ಸ್ಟಾಪ್ ಎನ್‌ಸಿಐಐ' ಎಂಬ ಅಂತರ್ಜಾಲ ತಾಣವನ್ನು ಆರಂಭಿಸಿತು. ಇದರಲ್ಲಿ ಚಿತ್ರ ನಿಮ್ಮ ಮೊಬೈಲನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಅಲ್ಲಿರುವ ಒಬ್ಬ ನೌಕರನೂ ಅದನ್ನು ನೋಡುವುದಿಲ್ಲ.

ಅದು ಹೇಗೆ ಸಾಧ್ಯ? ಹೆಬ್ಬೆಟ್ಟು ಒತ್ತಿದ ಕಾಗದವನ್ನು ನೆನಪಿಸಿಕೊಳ್ಳಿ. ಆ ಗುರುತನ್ನು ನೋಡಿ ಅದು ಯಾರದೆಂದು ಹೋಲಿಸಿ ಹೇಳಬಹುದು. ಆದರೆ ಅದರಿಂದ ಆ ಮನುಷ್ಯನ ಮುಖವನ್ನು ಚಿತ್ರಿಸಲಾಗದು. ಚಿತ್ರಕ್ಕೂ ಇಂಥದೇ ಒಂದು ಗುರುತನ್ನು ಮಾಡಬಹುದು. ಇದನ್ನು 'ಹ್ಯಾಶ್' ಎನ್ನುತ್ತಾರೆ. ನೀವು ಆ ತಾಣದಲ್ಲಿ ಚಿತ್ರವನ್ನು ಆರಿಸಿದೊಡನೆ ನಿಮ್ಮ ಮೊಬೈಲೇ ಚಿತ್ರವನ್ನು ಅತಿ ಚಿಕ್ಕದಾಗಿಸಿ, ಬಣ್ಣವನ್ನು ತೆಗೆದುಹಾಕಿ, ಎಲ್ಲೆಲ್ಲಿ ಬೆಳಕು, ಎಲ್ಲೆಲ್ಲಿ ನೆರಳು ಎಂಬುದರ ಹಂಚಿಕೆಯನ್ನು ಲೆಕ್ಕ ಹಾಕಿ, 256 ಸೊನ್ನೆ ಮತ್ತು ಒಂದುಗಳ ಸಾಲನ್ನಾಗಿ ಮಾಡುತ್ತದೆ. ಹೊರಗೆ ಹೋಗುವುದು ಆ ಸಾಲು ಮಾತ್ರ. ಅದರಿಂದ ಮತ್ತೆ ಚಿತ್ರವನ್ನು ಕಟ್ಟಲು ಆಗುವುದಿಲ್ಲ. ಈ ಯೋಜನೆಗೆ ಸೇರಿದ ಕಂಪೆನಿಗಳು ತಮ್ಮಲ್ಲಿಗೆ ಬರುವ ಚಿತ್ರಗಳಿಗೂ ಇದೇ ರೀತಿ ಗುರುತು ಮಾಡಿ ಹೋಲಿಸುತ್ತವೆ. ಹೊಂದಿಕೆಯಾದರೆ ಆ ಚಿತ್ರವನ್ನು ತಮ್ಮ ನಿಯಮದಂತೆ ಪರಿಶೀಲಿಸಿ ತಡೆಯುತ್ತವೆ, ಇಲ್ಲವೇ ತೆಗೆದುಹಾಕುತ್ತವೆ. ಚಿತ್ರದ ಗಾತ್ರ ಬದಲಾಗಿದ್ದರೂ, ಕಳುಹಿಸಿ ಕಳುಹಿಸಿ ಅದು ಮಸುಕಾಗಿದ್ದರೂ ಸಾಲಿನಲ್ಲಿ ಕೆಲವೇ ಅಂಕೆಗಳು ಬದಲಾಗುವುದರಿಂದ ಹೊಂದಿಕೆ ಸಿಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ರೆಡಿಟ್ ಮುಂತಾದವು ಇದಕ್ಕೆ ಸೇರಿವೆ. 2024ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ತನ್ನ ಬಿಂಗ್ ಹುಡುಕುತಾಣದಲ್ಲೂ ಇದನ್ನು ಬಳಸಲಾರಂಭಿಸಿತು.

ಇದಕ್ಕೆ ಶುಲ್ಕವಿಲ್ಲ. ಗುರುತು ಮಾಡಿದ ನಂತರ ಒಂದು ಪ್ರಕರಣ ಸಂಖ್ಯೆಯೂ ಪಿನ್ನೂ ಸಿಗುತ್ತವೆ. ಎರಡನ್ನೂ ಜೋಪಾನವಾಗಿ ಬರೆದಿಡಬೇಕು. ಮುಂದೆ ಏನಾಯಿತೆಂದು ನೋಡಲೂ, ಬೇಡವೆನಿಸಿದರೆ ಹಿಂತೆಗೆಯಲೂ ಇವು ಬೇಕಾಗುತ್ತವೆ.

ಬಾಗಿಲಿನ ರಂಧ್ರದ ಹದೀಸ್ ಓದುವಾಗ ನನಗೆ ಇದು ನೆನಪಾಗುತ್ತದೆ. ಕಾಯುವವನೂ ನೋಡದೆ ಕಾಯುವಂಥ ಕಾವಲು ಇದು. ಇದನ್ನು ರೂಪಿಸಿದವರು ಯಾವ ಧರ್ಮದವರೇ ಆಗಿರಲಿ, ದೃಷ್ಟಿಯಿಂದ ಆಗುವ ನಷ್ಟವೇನೆಂದು ಅವರು ಅರಿತಿದ್ದಾರೆ. ಇದನ್ನು ಬಳಸಲು ನಮ್ಮ ಸಹೋದರಿಯರು ಹಿಂಜರಿಯಬೇಕಾಗಿಲ್ಲ.

ಇದರಿಂದ ಆಗದ ಕೆಲಸಗಳು

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ಮೊದಲನೆಯದಾಗಿ, ಚಿತ್ರ ನಿಮ್ಮ ಬಳಿ ಇದ್ದರೆ ಮಾತ್ರ ಗುರುತು ಮಾಡಬಹುದು. ಬೇರೊಬ್ಬನು ಕದ್ದು ತೆಗೆದ ಚಿತ್ರದ ಪ್ರತಿ ನಿಮ್ಮಲ್ಲಿ ಇಲ್ಲದಿದ್ದರೆ ಈ ಉಪಾಯ ನಡೆಯದು. ಆದುದರಿಂದ ಬೆದರಿಸುವವನು ಚಿತ್ರವನ್ನು ಕಳುಹಿಸಿದರೆ ಗಾಬರಿಯಲ್ಲಿ ತಕ್ಷಣ ಅಳಿಸಿಬಿಡಬೇಡಿ. ಗುರುತು ಮಾಡಲೂ ದೂರು ಕೊಡಲೂ ಅದು ಬೇಕು. ಎರಡನೆಯದಾಗಿ, ಯೋಜನೆಗೆ ಸೇರದ ತಾಣಗಳಲ್ಲಿ ಇದು ಏನೂ ಮಾಡಲಾರದು. ವಾಟ್ಸಾಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುವ ಸಂದೇಶಗಳಿಗೆ ಬೀಗವಿರುವುದರಿಂದ ಅಲ್ಲೂ ತಡೆಯುವುದಿಲ್ಲ. ಮೂರನೆಯದಾಗಿ, ಚಿತ್ರವನ್ನು ಬಹಳವಾಗಿ ಕತ್ತರಿಸಿದರೆ ಅಥವಾ ಬಲವನ್ನು ಎಡವಾಗಿ ತಿರುಗಿಸಿದರೆ ಗುರುತು ತಪ್ಪಬಹುದು. ವೀಡಿಯೋಗಳಿಗೆ ಬಳಸುವ ಲೆಕ್ಕವಂತೂ ಸ್ವಲ್ಪ ಬದಲಾವಣೆಯನ್ನೂ ಸಹಿಸುವುದಿಲ್ಲ.

ಇದು ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ. ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ತೆಗೆದ ಚಿತ್ರಗಳಿಗಾಗಿ ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಎಂಬ ಇಂಥದೇ ತಾಣವಿದೆ. ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಬಹಳ ಬಿಗಿ. ಮಗುವಿನ ಅಂಥ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದೂ ಪೋಕ್ಸೋ ಕಾಯ್ದೆಯಡಿ ಅಪರಾಧವಾಗಬಹುದೆಂದು ಸುಪ್ರೀಮ್ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿದೆ. ಅಂಥದ್ದೇನಾದರೂ ಕಂಡರೆ ಹಿರಿಯರೆನಿಸಿಕೊಂಡವರು ಪರಿಶೀಲನೆಗೆಂದು ಒಬ್ಬರಿಂದೊಬ್ಬರಿಗೆ ಕಳುಹಿಸಬಾರದು, ನೇರವಾಗಿ ಪೊಲೀಸರಿಗೆ ಅಥವಾ 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು.

ನಮ್ಮ ಕುಟುಂಬಗಳಿಗೆ ಇನ್ನೂ ಒಂದು ತೊಡಕಿದೆ. ಈ ತಾಣಗಳೂ ಕಾನೂನಿನ ಹೆಚ್ಚಿನ ಕಲಮುಗಳೂ ಖಾಸಗಿ ಚಿತ್ರವೆಂದರೆ ನಗ್ನ ಅಥವಾ ಅರೆನಗ್ನ ಚಿತ್ರವೆಂದೇ ತಿಳಿಯುತ್ತವೆ. ಆದರೆ ಸದಾ ಹಿಜಾಬ್ ಧರಿಸುವ ಸಹೋದರಿ ಮದುವೆ ಮನೆಯ ಹೆಂಗಸರ ಕೋಣೆಯಲ್ಲಿ ತಲೆವಸ್ತ್ರವಿಲ್ಲದೆ ಕೂತಿದ್ದಾಗ ಯಾರೋ ತೆಗೆದ ವೀಡಿಯೋ ಸ್ಟೇಟಸ್‌ನಲ್ಲಿ ಹೋದರೆ? ಕಂಪೆನಿಯ ಕಣ್ಣಿಗೆ ಅದರಲ್ಲಿ ಏನೂ ಇಲ್ಲ. ಅವಳಿಗೆ ಮಾತ್ರ ಬಾಗಿಲು ಒಡೆದಂತೆ. ಇಲ್ಲಿ ಯಂತ್ರ ಸಹಾಯಕ್ಕೆ ಬರುವುದಿಲ್ಲ, ನಮ್ಮ ನಡತೆಯೇ ಬರಬೇಕು. ಮದುಮಗಳ ಕೋಣೆಯಲ್ಲಿ ಮೊಬೈಲು ತೆಗೆಯಬಾರದೆಂದು ಆಮಂತ್ರಿಸುವಾಗಲೇ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ಬೇಸರಿಸಿದರೂ ಚಿಂತೆಯಿಲ್ಲ.

ಮನೆಯೊಳಗಿನ ಜಾಗ್ರತೆ

ಚಿತ್ರ ಕದಿಯಲು ದುಷ್ಟರೇ ಬೇಕೆಂದಿಲ್ಲ, ಅಜಾಗ್ರತೆಯೇ ಸಾಕು. ಒಂದೇ ಗೂಗಲ್ ಖಾತೆಯನ್ನು ತಂದೆಯ ಮೊಬೈಲಿನಲ್ಲೂ ಮಕ್ಕಳ ಟ್ಯಾಬ್‌ನಲ್ಲೂ ಹಾಕಿರುವ ಮನೆಗಳು ಬಹಳ. ಪತ್ನಿ ಕಳುಹಿಸಿದ ಚಿತ್ರವನ್ನು ಪತಿ ದುಬೈಯಲ್ಲಿ ಉಳಿಸಿಕೊಂಡರೆ, ಅದು ತಾನಾಗಿಯೇ ಊರಿನಲ್ಲಿರುವ ಟ್ಯಾಬ್‌ನಲ್ಲಿ ಮಕ್ಕಳೆದುರು ತೆರೆದುಕೊಳ್ಳಬಹುದು. ಪ್ರತಿಯೊಬ್ಬರಿಗೂ ಬೇರೆ ಖಾತೆ ಇರಲಿ. ಅಳಿಸಿದ ಚಿತ್ರ ಕೂಡಲೇ ಅಳಿಯುವುದಿಲ್ಲ ಎಂಬುದೂ ನೆನಪಿರಲಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದ ಮೇಲೂ 60 ದಿನ ಕಸದಬುಟ್ಟಿಯಲ್ಲಿ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಯಬೇಕು. ಮೊಬೈಲನ್ನು ರಿಪೇರಿಗೆ ಕೊಡುವಾಗ ಅಂಗಡಿಯವನಿಗೆ ಪಾಸ್‌ವರ್ಡ್ ಬರೆದುಕೊಟ್ಟು ಬರುವವರಿದ್ದಾರೆ. ಮನೆಯ ಬೀಗದ ಕೈಯನ್ನು ಯಾರಾದರೂ ಹಾಗೆ ಕೊಡುತ್ತಾರೆಯೇ?

ಸಾಲ ಕೊಡುವ ಆ್ಯಪ್‌ಗಳ ಹಾವಳಿಯನ್ನು ನೀವು ಕೇಳಿರಬಹುದು. ಐದು ಸಾವಿರ ರೂಪಾಯಿಯ ಆಸೆಗೆ ಆ್ಯಪ್ ಹಾಕಿಕೊಂಡು, ಸಂಪರ್ಕ ಸಂಖ್ಯೆಗಳನ್ನೂ ಚಿತ್ರಗಳನ್ನೂ ನೋಡಲು ಅದಕ್ಕೆ ಅನುಮತಿ ಕೊಟ್ಟು, ಆಮೇಲೆ ಮುಖವನ್ನು ನಗ್ನ ದೇಹಕ್ಕೆ ಅಂಟಿಸಿದ ಚಿತ್ರಗಳು ಬಂಧುಗಳಿಗೆಲ್ಲ ಹೋಗಿ ಮಾನ ಕಳೆದುಕೊಂಡವರಿದ್ದಾರೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಇಂಥ ಆ್ಯಪ್‌ಗಳು ಮೊಬೈಲಿನ ಕಡತ, ಚಿತ್ರ, ಸಂಪರ್ಕ ಪಟ್ಟಿಗಳಿಗೆ ಕೈಹಾಕಬಾರದೆಂದು ಆಜ್ಞೆ ಮಾಡಿತು. ಅಕ್ರಮ ಆ್ಯಪ್‌ಗಳು ಆಜ್ಞೆಯನ್ನು ಎಲ್ಲಿ ಕೇಳುತ್ತವೆ? ಬಡ್ಡಿಯ ಪಾಪ ಒಂದೆಡೆಯಿರಲಿ, ಬಡ್ಡಿಕೋರನ ಕೈಗೆ ಮನೆಯವರ ಚಿತ್ರಗಳನ್ನೂ ಒತ್ತೆಯಿಟ್ಟಂತೆ ಇದು.

ಗಂಡಸರೇ ಬಲಿಯಾಗುವ ಬಗೆಯೂ ಒಂದಿದೆ. ಅಪರಿಚಿತ ಸಂಖ್ಯೆಯಿಂದ ವೀಡಿಯೋ ಕರೆ ಬರುತ್ತದೆ, ತೆರೆದ ಕ್ಷಣದಲ್ಲಿ ಆಚೆ ಅಶ್ಲೀಲ ದೃಶ್ಯ, ಈಚೆ ನಿಮ್ಮ ಮುಖ. ಎರಡನ್ನೂ ಸೇರಿಸಿ ಮುದ್ರಿಸಿಕೊಂಡು ಹಣ ಕೇಳುತ್ತಾರೆ. ಮರುದಿನ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು ಇನ್ನೊಬ್ಬ ಕರೆ ಮಾಡುತ್ತಾನೆ. ಊರಿನಲ್ಲಿ ಗೌರವವಿರುವ ಹಿರಿಯರೇ ಇದಕ್ಕೆ ಹೆಚ್ಚು ಹೆದರುತ್ತಾರೆ. ಒಮ್ಮೆ ಹಣ ಕೊಟ್ಟವನನ್ನು ಅವರು ಬಿಡುವುದಿಲ್ಲ. ಕೊಡದಿರುವುದೇ ಲೇಸು.

ಬೆದರಿಕೆ ಬಂದರೆ

ಕರೆ, ಸಂದೇಶ, ಖಾತೆಯ ಹೆಸರು, ಕೊಂಡಿ, ದಿನಾಂಕ - ಇವುಗಳ ಪ್ರತಿ ತೆಗೆದಿಡಿ. ವಾದ ಮಾಡಬೇಡಿ, ಬೇಡಿಕೊಳ್ಳಲೂ ಬೇಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಇಂಥ ಅಪರಾಧಗಳಿಗೆ ಹೆಸರು ಹೇಳದೆಯೂ ತಿಳಿಸುವ ಅವಕಾಶವಿದೆ. ಸಹಾಯವಾಣಿ ಸಂಖ್ಯೆ 1930. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳಿಗೆಂದೇ ಸೆನ್ ಪೊಲೀಸ್ ಠಾಣೆಗಳಿವೆ. ಚಿತ್ರ ಹಾಕಿಯಾಗಿದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ನಗ್ನ ಚಿತ್ರವನ್ನೂ ಕೃತಕವಾಗಿ ಜೋಡಿಸಿದ ಚಿತ್ರವನ್ನೂ ದೂರು ಬಂದ 24 ಗಂಟೆಗಳೊಳಗೆ ತೆಗೆಯಬೇಕೆಂದು ಕೇಂದ್ರ ಸರಕಾರದ 2021ರ ನಿಯಮಗಳು ಕಂಪೆನಿಗಳಿಗೆ ಗಡುವು ಹಾಕಿದವು. ಆಕೆಯ ಪರವಾಗಿ ಮನೆಯವರೂ ದೂರು ಕೊಡಬಹುದು. ಒಂದೇ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡಾಗ ಸಂತ್ರಸ್ತೆ ಪ್ರತಿಬಾರಿಯೂ ಹೊಸ ಕೊಂಡಿ ಹುಡುಕಿ ಕೊಡುತ್ತಾ ಕೂರಬೇಕಾಗಿಲ್ಲ, ಹುಡುಕುತಾಣಗಳೇ ಹ್ಯಾಶ್ ಗುರುತನ್ನು ಬಳಸಿ ತಡೆಯಬೇಕು ಎಂಬ ಅರ್ಥದ ತೀರ್ಪನ್ನು ದೆಹಲಿ ಹೈಕೋರ್ಟ್ 2023ರ ಏಪ್ರಿಲಿನಲ್ಲಿ ನೀಡಿತು. ತನ್ನ ಚಿತ್ರವನ್ನು ತಾನೇ ಹುಡುಕುತ್ತಾ ರಾತ್ರಿಗಳನ್ನು ಕಳೆಯುವ ಹೆಣ್ಣುಮಗಳ ಸಂಕಟವನ್ನು ಒಬ್ಬ ನ್ಯಾಯಾಧೀಶರು ಅರ್ಥಮಾಡಿಕೊಂಡದ್ದು ಸಮಾಧಾನದ ವಿಷಯ.

ಆದರೆ ಇವೆಲ್ಲಕ್ಕಿಂತ ಮೊದಲು ಅವಳು ಹೇಳಬೇಕು. ಹೇಳಬೇಕಾದರೆ ಕೇಳುವವರು ಬೇಕು. ಈಜಿಪ್ಟಿನಲ್ಲಿ 2021ರ ಕೊನೆಯಲ್ಲಿ ಹದಿಹರೆಯದ ವಿದ್ಯಾರ್ಥಿನಿಯೊಬ್ಬಳ ಮುಖವನ್ನು ಬೇರೆ ಚಿತ್ರಗಳಿಗೆ ಜೋಡಿಸಿ ಊರಲ್ಲಿ ಹರಡಿದರು. ಆ ಚಿತ್ರಗಳಲ್ಲಿರುವವಳು ತಾನಲ್ಲ, ನಂಬು ಎಂದು ತಾಯಿಗೆ ಬರೆದಿಟ್ಟು ಅವಳು ಪ್ರಾಣ ಕಳೆದುಕೊಂಡಳು. ತಪ್ಪಿತಸ್ಥರಿಗೆ ಮರುವರ್ಷ ಜೈಲು ಶಿಕ್ಷೆಯಾಯಿತು. ಅವಳಿಗೆ ಅದರಿಂದ ಏನು ಬಂತು? ತಾಯಂದಿರೇ, ತಂದೆಯಂದಿರೇ, ಹೀಗೊಂದು ಆದರೆ ನಮ್ಮ ಬಳಿ ಬಾ, ನಾವು ಮೊದಲು ನಿನ್ನನ್ನು ನಂಬುತ್ತೇವೆ, ಉಳಿದದ್ದನ್ನು ಆಮೇಲೆ ಮಾತಾಡೋಣ ಎಂದು ಮಕ್ಕಳಿಗೆ ಇಂದೇ ಹೇಳಿ. ಆಪತ್ತು ಬಂದ ಮೇಲೆ ಹೇಳುತ್ತೇನೆಂದರೆ ತಡವಾದೀತು. ಅವಳ ಕಡೆಯಿಂದಲೂ ತಪ್ಪಾಗಿರಬಹುದು. ಅದನ್ನು ತಿದ್ದಲು ಸಮಯವಿದೆ. ಮುಳುಗುತ್ತಿರುವವಳಿಗೆ ಈಜು ಏಕೆ ಕಲಿಯಲಿಲ್ಲವೆಂದು ಯಾರಾದರೂ ಬೈಯುತ್ತಾರೆಯೇ?

ಚಿತ್ರ ಹೊರಬಿತ್ತೆಂದರೆ ಅವಳದೇ ಏನೋ ದೋಷವಿರಬೇಕು ಎನ್ನುವವರಿಗೆ ಒಂದು ನೆನಪು. 2021ರ ಜುಲೈಯಲ್ಲಿಯೂ 2022ರ ಜನವರಿಯಲ್ಲಿಯೂ ನಮ್ಮ ದೇಶದ ಎಷ್ಟೋ ಮುಸ್ಲಿಮ್ ಮಹಿಳೆಯರ ಸಾಧಾರಣ ಭಾವಚಿತ್ರಗಳನ್ನು ಕದ್ದು, ಹರಾಜಿನ ನಾಟಕವಾಡಿ, ಎರಡು ಆ್ಯಪ್‌ಗಳಲ್ಲಿ ಹಾಕಲಾಯಿತು. ಅವರಲ್ಲಿ ಪತ್ರಕರ್ತೆಯರಿದ್ದರು, ವಕೀಲೆಯರಿದ್ದರು. ಅವು ಲಜ್ಜೆಗೆಟ್ಟ ಚಿತ್ರಗಳಾಗಿರಲಿಲ್ಲ. ಲಜ್ಜೆಗೆಟ್ಟದ್ದು ನೋಡಿದವರ ಕಣ್ಣು.

ನಿಮ್ಮ ಮೊಬೈಲಿಗೆ ಬಂದದ್ದು

ಬನೂ ಮುಸ್ತಲಿಕ್ ಯಾತ್ರೆಯಿಂದ ಮರಳುವಾಗ ಹ. ಆಯಿಶಾ(ರ) ಕಳೆದುಹೋದ ಕಂಠಹಾರವನ್ನು ಹುಡುಕುತ್ತಾ ಹಿಂದೆ ಉಳಿದದ್ದೂ, ಸಫ್ವಾನ್(ರ)ರವರ ಒಂಟೆಯ ಮೇಲೆ ಬಂದದ್ದೂ, ಅದರ ಮೇಲೆ ಕಪಟಿಗಳು ಅಪವಾದ ಕಟ್ಟಿದ್ದೂ ನಮಗೆಲ್ಲ ಗೊತ್ತಿರುವ ಕಥೆ. ನಾವು ಅದನ್ನು ಕಪಟಿಗಳ ದುಷ್ಟತನದ ಕಥೆಯಾಗಿ ಓದಿ ಮುಗಿಸುತ್ತೇವೆ. ಆದರೆ ಆ ಸುಳ್ಳನ್ನು ಕಟ್ಟಿದವರು ಕೆಲವರೇ. ಮದೀನದಲ್ಲಿ ಅದನ್ನು ಬಾಯಿಂದ ಬಾಯಿಗೆ ಒಯ್ದವರಲ್ಲಿ ಸತ್ಯವಿಶ್ವಾಸಿಗಳೂ ಇದ್ದರು. ಸುಮಾರು ಒಂದು ತಿಂಗಳು ಆ ಮಹಾತಾಯಿ ಕಣ್ಣೀರಿಟ್ಟರು. ಆಮೇಲೆ ಅವತೀರ್ಣವಾದ ಅನ್ನೂರ್ ಅಧ್ಯಾಯದ ಸೂಕ್ತಗಳು ಕಟ್ಟಿದವರನ್ನು ಮಾತ್ರ ಹಿಡಿಯಲಿಲ್ಲ. ಕೇಳಿದೊಡನೆ ನಾಲಗೆಯಿಂದ ನಾಲಗೆಗೆ ಸಾಗಿಸಿದವರನ್ನೂ, ಅದನ್ನು ಹಗುರವಾದ ವಿಷಯವೆಂದು ಎಣಿಸಿದವರನ್ನೂ, ಕೇಳಿದಾಗಲೇ ಇದು ಸುಳ್ಳೆಂದು ಹೇಳದೆ ಉಳಿದವರನ್ನೂ ತರಾಟೆಗೆ ತೆಗೆದುಕೊಂಡವು. ವಿಶ್ವಾಸಿಗಳ ನಡುವೆ ಅಶ್ಲೀಲತೆ ಹರಡಬೇಕೆಂದು ಬಯಸುವವರಿಗೆ ಈ ಲೋಕದಲ್ಲೂ ಪರಲೋಕದಲ್ಲೂ ಯಾತನೆಯಿದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಆ ದಿನಗಳಲ್ಲಿ ಅಬೂ ಅಯ್ಯೂಬ್ ಅನ್ಸಾರಿ(ರ)ರವರ ಮನೆಯಲ್ಲಿ ಈ ಮಾತು ಬಂದಾಗ ಅವರು ತಮ್ಮ ಪತ್ನಿಯೊಡನೆ, ನೀನು ಇಂಥದ್ದನ್ನು ಮಾಡುತ್ತಿದ್ದೆಯಾ ಎಂದು ಕೇಳಿದರು. ಇಲ್ಲವೆಂದು ಆಕೆ ಉತ್ತರಿಸಿದಾಗ, ಆಯಿಶಾ ನಿನಗಿಂತ ಉತ್ತಮರು ಎಂದರು. ಮಾತು ಆ ಮನೆಯಲ್ಲಿಯೇ ಸತ್ತಿತು.

ಇಂದು ಒಂದು ಚಿತ್ರ ಜಮಾಅತಿನ ಗ್ರೂಪಿಗೆ ಬಂದಾಗ ಏನಾಗುತ್ತದೆ? ಕೆಟ್ಟ ಉದ್ದೇಶದಿಂದ ಕಳುಹಿಸುವವನು ಒಬ್ಬ. ಇದು ಇಂಥವರ ಮಗಳಲ್ಲವೇ ಎಂದು ವಿಚಾರಿಸಲು ಕಳುಹಿಸುವವರು ಹತ್ತು ಮಂದಿ. ಸಮುದಾಯ ಎಲ್ಲಿಗೆ ಹೋಗುತ್ತಿದೆ ನೋಡಿ ಎಂದು ನಿಟ್ಟುಸಿರಿಟ್ಟು, ಎಚ್ಚರಿಕೆಯೆಂದು ಬರೆದು ಮುಂದೆ ಸಾಗಿಸುವವರು ಐವತ್ತು ಮಂದಿ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಮನುಷ್ಯ ಸುಳ್ಳುಗಾರನೆನಿಸಲು ಸಾಕೆಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದರಲ್ಲೂ ಈಗ ಕೃತಕ ಬುದ್ಧಿಮತ್ತೆಯಿಂದ ಯಾರ ಮುಖಕ್ಕೂ ಯಾವ ದೇಹವನ್ನೂ ಅಂಟಿಸಬಹುದಾಗಿರುವಾಗ, ಕಣ್ಣಾರೆ ಕಂಡೆ ಎಂಬ ಮಾತಿಗೂ ಬೆಲೆಯಿಲ್ಲ. ಬಂದ ಚಿತ್ರವನ್ನು ತೆರೆಯಬೇಡಿ. ತೆರೆದಿದ್ದರೆ ಮುಂದೆ ಕಳುಹಿಸಬೇಡಿ. ಕಳುಹಿಸಿದವನಿಗೆ ಪ್ರತ್ಯೇಕವಾಗಿ, ಇದನ್ನು ತೆಗೆ, ಇದು ಅಪರಾಧ ಎಂದು ಹೇಳಿ. ಗ್ರೂಪ್ ನಡೆಸುವವರು ತೆಗೆಯುವ ಅಧಿಕಾರ ತಮ್ಮ ಕೈಯಲ್ಲಿರುವುದನ್ನು ಮರೆಯದಿರಲಿ.

ಜಮಾಅತಿನ ಹಿರಿಯರಲ್ಲಿ ಒಂದು ವಿನಂತಿ. ಇಂಥ ವಿಷಯ ಬಂದಾಗ ಹುಡುಗಿಯ ತಂದೆಯನ್ನು ಕಮಿಟಿಯ ಮುಂದೆ ಕರೆಸಿ ವಿಚಾರಣೆ ಮಾಡುವ ಪದ್ಧತಿ ಬೇಡ. ಸಭೆಯಲ್ಲಿ ಚಿತ್ರವನ್ನು ತೋರಿಸುವುದಂತೂ ಮತ್ತೊಂದು ಬಾರಿ ಹಂಚಿದಂತೆಯೇ. ಮಾಇಝ್(ರ)ರವರನ್ನು ತಪ್ಪೊಪ್ಪಿಗೆಗಾಗಿ ಕಳುಹಿಸಿಕೊಟ್ಟ ಹಝ್ಝಾಲ್(ರ)ರೊಡನೆ, ನೀನು ಅವನನ್ನು ನಿನ್ನ ಬಟ್ಟೆಯಿಂದ ಮುಚ್ಚಿದ್ದರೆ ನಿನಗೆ ಹೆಚ್ಚು ಒಳ್ಳೆಯದಿತ್ತು ಎಂಬರ್ಥದಲ್ಲಿ ಪ್ರವಾದಿ(ಸ)ರವರು ಹೇಳಿದ್ದು ಅಬೂದಾವೂದ್‌ನಲ್ಲಿದೆ. ಅಲ್ಲಿ ಪಾಪ ನಿಜವಾಗಿ ನಡೆದಿತ್ತು. ಆದರೂ ಮುಚ್ಚುವುದು ಒಳ್ಳೆಯದಿತ್ತು. ಇಲ್ಲಿ ಅನ್ಯಾಯಕ್ಕೊಳಗಾದವಳನ್ನು ಮುಚ್ಚಲು ನಾವು ಹಿಂದೆ ಮುಂದೆ ನೋಡುವುದೇಕೆ? ಆದರೆ ಮುಚ್ಚುವುದೆಂದರೆ ಬೆದರಿಸಿದವನನ್ನು ರಾಜಿ ಪಂಚಾಯತಿ ಮಾಡಿ ಬಿಟ್ಟುಬಿಡುವುದು ಎಂದಲ್ಲ. ಅವನು ನಾಳೆ ಇನ್ನೊಬ್ಬಳ ಬಾಗಿಲಿಗೆ ಹೋಗುತ್ತಾನೆ. ಅವಳನ್ನು ಅವನಿಗೇ ಮದುವೆ ಮಾಡಿಕೊಟ್ಟು ಮಾನ ಉಳಿಸುವ ಸಲಹೆಯನ್ನು ಕೊಡುವವರೂ ಇದ್ದಾರೆ. ಒತ್ತಾಯದ ನಿಕಾಹ್‌ಗೆ ಹೆಣ್ಣಿನ ಸಮ್ಮತಿಯೇ ಇರುವುದಿಲ್ಲ ಎಂಬುದನ್ನು ಅವರಿಗೆ ನೆನಪಿಸಬೇಕು.

ಹರಡಿದವನೇ ಈ ಸಾಲುಗಳನ್ನು ಓದುತ್ತಿರಬಹುದು. ಅಲ್ಲಾಹನ ಹಕ್ಕಿನಲ್ಲಿ ಮಾಡಿದ ತಪ್ಪಿಗೆ ಪಶ್ಚಾತ್ತಾಪವಿದೆ. ಮನುಷ್ಯರ ಹಕ್ಕಿನಲ್ಲಿ ಮಾಡಿದ ತಪ್ಪಿಗೆ ಪಶ್ಚಾತ್ತಾಪದ ಜೊತೆ ಕಸಿದುಕೊಂಡದ್ದನ್ನು ಮರಳಿಸುವ ಹೊಣೆಯೂ ಇದೆ ಎಂದು ವಿದ್ವಾಂಸರು ಹೇಳಿದ್ದಾರೆ. ಚಿತ್ರವನ್ನು ಮರಳಿಸುವುದು ಹೇಗೆ? ಯಾರ‍್ಯಾರಿಗೆ ಕಳುಹಿಸಿದೆಯೋ ಅವರ ಪಟ್ಟಿ ಮಾಡಿ, ಒಬ್ಬೊಬ್ಬರ ಬಳಿಗೂ ಹೋಗಿ ತೆಗೆಸಬೇಕು. ಎಲ್ಲೆಲ್ಲಿ ಹಾಕಿದೆಯೋ ಆ ಕೊಂಡಿಗಳನ್ನು ಬರೆದು, ನಂಬಿಕಸ್ಥರ ಮೂಲಕ ಅವಳಿಗೆ ತಲುಪಿಸಬೇಕು. ಹ್ಯಾಶ್ ಗುರುತು ಮಾಡಿ ತಡೆಯಲು ಆ ತಾಣದಲ್ಲಿ ಅರ್ಜಿ ಹಾಕಬಹುದಾದವಳು ಚಿತ್ರದಲ್ಲಿರುವವಳು ಮಾತ್ರ, ನಿನ್ನಿಂದ ಅದು ಆಗದು. ಅವಳ ಬಳಿ ಆ ಚಿತ್ರದ ಪ್ರತಿಯೇ ಇಲ್ಲದಿರಬಹುದು. ಆದುದರಿಂದ ನಿನ್ನಲ್ಲಿರುವುದನ್ನು ಅಳಿಸುವ ಮೊದಲು ಅವಳಿಗೆ ಏನು ಬೇಕೆಂದು ಕೇಳಿಸಬೇಕು. ಠಾಣೆಯಲ್ಲಿ ದೂರು ದಾಖಲಾಗಿದ್ದರೆ ಪೊಲೀಸರಿಗೆ ತಿಳಿಸದೆ ಯಾವುದನ್ನೂ ಅಳಿಸಬಾರದು, ಮೊಬೈಲನ್ನು ಹಾಗೆಯೇ ಅವರ ಕೈಗೆ ಕೊಡಬೇಕು.